ಬಸ್ಸಿನ ಬೆನ್ನ ಮೇಲೆ ಗಂಡ

ಪರದೇಶದಲ್ಲಿ ನಮ್ಮ ಭಾಷೆಯವರು ಒಬ್ಬರಿಗೊಬ್ಬರು ಸಿಕ್ಕರೆ ಮೊದಲು ಆಗುವುದು ಸಂತೋಷ, ಮರುಗಳಿಗೆಯೇ ಶುರುವಾಗುವುದು ತನಿಖೆ. ಮನೆ ಯಾವ ಬಡಾವಣೆಯಲ್ಲಿ, ಸ್ವಂತದ್ದೋ ಬಾಡಿಗೆಯದೋ, ಯಜಮಾನರಿಗೆ ಎಲ್ಲಿ ಕೆಲಸ ಎಂಬ ಮೂರು ಪ್ರಶ್ನೆ ಮುಗಿಯುವಷ್ಟರಲ್ಲಿ ಕೇಳುವವರ ಮನಸ್ಸಿನಲ್ಲಿ ನಿಮಗೊಂದು ಕುರ್ಚಿ ಸಿದ್ಧವಾಗಿರುತ್ತದೆ. ಆಮೇಲೆ ನೀವು ತಿಪ್ಪರಲಾಗ ಹಾಕಿದರೂ ಆ ಕುರ್ಚಿ ಬದಲಾಗುವುದಿಲ್ಲ.

ಮ್ಯಾನೇಜರಮ್ಮನಿಗೆ ಸಿಕ್ಕಿದ್ದ ಕುರ್ಚಿ ತಕ್ಕಮಟ್ಟಿಗೆ ಚೆನ್ನಾಗಿಯೇ ಇತ್ತು. ಹದಿನಾಲ್ಕು ಮನೆಯವರು ತಿಂಗಳ ಮೊದಲ ಭಾನುವಾರ ಸೇರುವ ಕೂಟ ಅದು. ಅಲ್ಲಿ ಹೆಂಗಸರಿಗೆ ಸ್ವಂತ ಹೆಸರಿನ ಅಗತ್ಯವೇ ಬೀಳುತ್ತಿರಲಿಲ್ಲ. ಗಂಡನ ಹುದ್ದೆಗೆ ಒಂದು ‘ಅಮ್ಮ’ ಅಂಟಿಸಿದರೆ ಕೆಲಸ ಮುಗಿಯಿತು. ಡಾಕ್ಟರಮ್ಮ ಸ್ವತಃ ಹೆಸರುವಾಸಿ ವಕೀಲೆ. ಆದರೂ ಕೂಟಕ್ಕೆ ಬಂದರೆ ಡಾಕ್ಟರಮ್ಮನೇ. ಎಲ್ಲರಿಗಿಂತ ಮೇಲೆ ಡೈರೆಕ್ಟರಮ್ಮ. ಅವರ ಮನೆ ಗುಡ್ಡದ ಮೇಲಿನ ಬಡಾವಣೆಯಲ್ಲಿತ್ತು. ಕೂಟ ಅಲ್ಲೇ ನಡೆಯುತ್ತಿತ್ತು. ಯಾರು ಎಲ್ಲಿ ಕೂರಬೇಕು ಎಂದು ಅವರು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಆದರೂ ಎಲ್ಲರಿಗೂ ಗೊತ್ತಾಗುತ್ತಿತ್ತು. ಸೋಫಾ ಡಾಕ್ಟರ ಮಟ್ಟದವರಿಗೆ, ಊಟದ ಮೇಜಿನ ಸುತ್ತಲಿನ ಕುರ್ಚಿಗಳು ಪ್ರೊಫೆಸರು, ಮ್ಯಾನೇಜರುಗಳಿಗೆ. ಹೊಸದಾಗಿ ಬಂದವರು, ಕೆಲಸ ಹುಡುಕುತ್ತಿರುವವರು ತಟ್ಟೆ ಹಿಡಿದುಕೊಂಡು ತಾವಾಗಿಯೇ ಮಹಡಿ ಮೆಟ್ಟಿಲ ಮೇಲೆ ಹೋಗಿ ಕೂರುತ್ತಿದ್ದರು.

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ವಿಷಯವನ್ನೂ ಹೇಳಿಬಿಡಬೇಕು. ಮ್ಯಾನೇಜರಮ್ಮನ ಯಜಮಾನರು ಮ್ಯಾನೇಜರಲ್ಲ. ಬಸ್ ಡ್ರೈವರು.

ಒಂದು ಕಾಲಕ್ಕೆ ಮ್ಯಾನೇಜರಾಗಿದ್ದರು, ಅದರಲ್ಲಿ ಸುಳ್ಳಿಲ್ಲ. ಊರಿನಲ್ಲಿ ಹದಿನೆಂಟು ವರ್ಷ ಬ್ಯಾಂಕಿನ ಗಾಜಿನ ಕೋಣೆಯೊಳಗೆ ಕೂತು ಸಹಿ ಹಾಕಿದವರು. ಈ ದೇಶದಲ್ಲೊಂದು ಶಾಖೆ ತೆರೆಯುತ್ತೇವೆಂದು ಬ್ಯಾಂಕಿನವರೇ ಕಳಿಸಿದ್ದರು. ಒಂದೇ ವರ್ಷಕ್ಕೆ ಶಾಖೆ ಬಾಗಿಲು ಹಾಕಿತು. ಜೊತೆಗೆ ಬಂದಿದ್ದವರೆಲ್ಲ ಗಂಟುಮೂಟೆ ಕಟ್ಟಿಕೊಂಡು ವಾಪಸಾದರು. ಇವರ ಮಗಳು ಆಗಷ್ಟೇ ಇಲ್ಲಿನ ಶಾಲೆಗೆ ಹೊಂದಿಕೊಂಡಿದ್ದಳು. ಅವಳನ್ನು ಇನ್ನೊಂದು ಸಲ ಕಿತ್ತು ನೆಡುವುದು ಬೇಡವೆಂದು ಇವರು ಉಳಿದುಕೊಂಡರು. ಐದು ತಿಂಗಳು ಕೆಲಸಕ್ಕಾಗಿ ಅಲೆದು ಚಪ್ಪಲಿ ಸವೆಸಿದ ಮೇಲೆ ಒಂದು ದಿನ ಯಜಮಾನರು ನೇರವಾಗಿ ಬಸ್ ಡಿಪೋಕ್ಕೆ ಹೋಗಿ ಹೆಸರು ಬರೆಸಿ ಬಂದರು. “ಸದ್ಯಕ್ಕೆ ಇದೊಂದು ಇರಲಿ” ಎಂದರು. ಆ ಸದ್ಯಕ್ಕೆ ಈಗ ಆರು ವರ್ಷವಾಗಿತ್ತು.

ಕೂಟದಲ್ಲಿ ವಿಚಾರಿಸಿದಾಗ ಅವಳು, “ಸಾರಿಗೆ ಕಂಪನಿ ಸೇರಿದಾರೆ” ಎಂದಿದ್ದಳು. “ಅಲ್ಲೂ ಮ್ಯಾನೇಜರೇನಾ?” ಎಂದು ಡೈರೆಕ್ಟರಮ್ಮ ಕೇಳಿದ ಗಳಿಗೆಯಲ್ಲಿ ಅವಳ ಬಾಯಿ ತುಂಬ ತಿಂಡಿ ಇತ್ತು. ತಲೆಯನ್ನು ಹೇಗೋ ಒಂದು ರೀತಿ ಆಡಿಸಿದಳು. ಡೈರೆಕ್ಟರಮ್ಮ ಅದನ್ನು ಹೌದು ಎಂದು ತೆಗೆದುಕೊಂಡರು. ತುತ್ತು ನುಂಗಿದ ಮೇಲೆ ತಿದ್ದಬಹುದಿತ್ತು. ತಿದ್ದಲಿಲ್ಲ. ಅವತ್ತು ತಿದ್ದದೆ ಬಿಟ್ಟದ್ದನ್ನು ಮರುತಿಂಗಳು ತಿದ್ದುವುದು ಹೇಗೆ? ಹೀಗೆ ಎಪ್ಪತ್ತು ಭಾನುವಾರ ಕಳೆದವು.

ಸುಳ್ಳೊಂದನ್ನು ಸಾಕುವುದು ಹಸುಗೂಸನ್ನು ಸಾಕಿದಷ್ಟೇ ಕಷ್ಟ. ಯಜಮಾನರು ದಿನಾ ಬೆಳಗ್ಗೆ ಮನೆಯಿಂದ ಸೂಟು, ಟೈ ಹಾಕಿಕೊಂಡು, ಕೈಯಲ್ಲಿ ಲ್ಯಾಪ್‌ಟಾಪ್ ಚೀಲ ಹಿಡಿದು ಹೊರಡಬೇಕಿತ್ತು. ಚೀಲದಲ್ಲಿ ಊಟದ ಡಬ್ಬಿ, ನೀರಿನ ಬಾಟಲಿ, ಬಿಸಿಲಿಗೊಂದು ಕನ್ನಡಕ. ಡಿಪೋದಲ್ಲಿ ಬಟ್ಟೆ ಬದಲಾಯಿಸಿ ತಿಳಿನೀಲಿ ಅಂಗಿ ತೊಟ್ಟುಕೊಳ್ಳುತ್ತಿದ್ದರು. ಆ ಅಂಗಿಗಳನ್ನು ಒಗೆದರೆ ಬಾಲ್ಕನಿಯಲ್ಲಿ ಒಣಗಿಸುವಂತಿರಲಿಲ್ಲ. ಬಚ್ಚಲುಮನೆಯ ಕೊಕ್ಕೆಗಳಲ್ಲಿ ನೇತುಹಾಕಿ ಫ್ಯಾನು ತಿರುಗಿಸಬೇಕಿತ್ತು. ಅವರು ಅಷ್ಟು ಬೆಳಗ್ಗೆ ಯಾಕೆ ಹೊರಡುತ್ತಾರೆ ಎಂದು ಕೂಟದಲ್ಲಿ ಯಾರೋ ಕೇಳಿದ್ದಕ್ಕೆ, ಬೇರೆ ಬೇರೆ ದೇಶದವರ ಜೊತೆ ಮೀಟಿಂಗ್ ಇರುತ್ತದೆ ಎಂದುಬಿಟ್ಟಿದ್ದಳು. ಯಜಮಾನರೂ ಅಪರೂಪಕ್ಕೆ ಕೂಟಕ್ಕೆ ಬರುತ್ತಿದ್ದರು. ಡೈರೆಕ್ಟರು ಅವರ ಬೆನ್ನು ತಟ್ಟಿ, “ಹೇಗಿದೆ ನಿಮ್ಮ ಕಂಪನಿ?” ಎಂದರೆ, “ಚೆನ್ನಾಗಿ ಓಡ್ತಾ ಇದೆ ಸಾರ್” ಎಂದು ನಗುತ್ತಿದ್ದರು.

ಯಾರ ಕಣ್ಣಿಗಾದರೂ ಬಿದ್ದುಬಿಟ್ಟರೆ ಎಂಬ ಭಯವಿತ್ತೇ ಎಂದರೆ, ಅಷ್ಟೇನೂ ಇರಲಿಲ್ಲ. ಹದಿನಾಲ್ಕು ಮನೆಯಲ್ಲಿ ಬಸ್ಸು ಹತ್ತುವವರು ಒಬ್ಬರೂ ಇರಲಿಲ್ಲ. ಮೆಟ್ಟಿಲ ಮೇಲೆ ಕೂರುವವರು ಕೂಡ ಹಳೇ ಕಾರೊಂದನ್ನು ತಳ್ಳಿಕೊಂಡಾದರೂ ಬರುತ್ತಿದ್ದರೇ ಹೊರತು ಬಸ್ಸಿನಲ್ಲಿ ಬಂದಿಳಿಯುತ್ತಿರಲಿಲ್ಲ. ಗುಟ್ಟು ಕಾಯ್ದದ್ದು ಮ್ಯಾನೇಜರಮ್ಮನ ಜಾಣತನವಲ್ಲ, ಕೂಟದವರ ಜಂಭ. ಇನ್ನೂ ತಮಾಷೆಯೆಂದರೆ ಅವಳು ಕೂಡ ಈ ಊರಿನ ಬಸ್ಸನ್ನು ಒಮ್ಮೆಯೂ ಹತ್ತಿರಲಿಲ್ಲ. ಅವಳು ಪುಸ್ತಕ ಜೋಡಿಸುವ ಕೆಲಸ ಮಾಡುತ್ತಿದ್ದ ಲೈಬ್ರರಿ ಮನೆಯಿಂದ ನಡೆದು ಹೋಗುವ ದೂರದಲ್ಲಿತ್ತು. ಉಳಿದೆಡೆಗೆಲ್ಲ ಯಜಮಾನರೇ ಸಣ್ಣ ಕಾರಿನಲ್ಲಿ ಬಿಡುತ್ತಿದ್ದರು.

ಈ ಊರಿನವರ ರೀತಿ ಅವಳಿಗೆ ಅರ್ಥವೇ ಆಗುತ್ತಿರಲಿಲ್ಲ. ಕೆಳಗಿನ ಮನೆಯಲ್ಲಿ ಒಬ್ಬರು ನ್ಯಾಯಾಧೀಶರಿದ್ದರು. ದಿನಾ ಯಜಮಾನರ ಬಸ್ಸಿನಲ್ಲೇ ಕೋರ್ಟಿಗೆ ಹೋಗುತ್ತಿದ್ದರು. ಮೆಟ್ಟಿಲ ಹತ್ತಿರ ಸಿಕ್ಕಾಗಲೆಲ್ಲ ಅವಳನ್ನು ನಿಲ್ಲಿಸಿ, “ನಿಮ್ಮ ಯಜಮಾನರು ಬ್ರೇಕ್ ಹಾಕಿದರೆ ನನ್ನ ಕೈಯಲ್ಲಿರೋ ಕಾಫಿ ಅಲುಗಾಡೋದಿಲ್ಲ” ಎನ್ನುತ್ತಿದ್ದರು. ಅವಳು ಅಕ್ಕಪಕ್ಕ ನೋಡಿ, ಯಾರೂ ಕೇಳಿಸಿಕೊಳ್ಳಲಿಲ್ಲವೆಂದು ಖಚಿತ ಮಾಡಿಕೊಂಡು ನಗುತ್ತಿದ್ದಳು. ಜಡ್ಜಿಗೇ ಡ್ರೈವರ ಮರ್ಯಾದೆ ಎಷ್ಟೆಂದು ಗೊತ್ತಿಲ್ಲವೆಂದರೆ ಇನ್ಯಾರಿಗೆ ಗೊತ್ತಿರಬೇಕು ಎನ್ನಿಸುತ್ತಿತ್ತು. ಹಾಗೆಂದು ಇಲ್ಲಿಯವರಲ್ಲಿ ಮೇಲುಕೀಳು ಇಲ್ಲವೆಂದಲ್ಲ. ಇತ್ತು, ಅದು ಎಲ್ಲಿದೆಯೆಂದು ಹುಡುಕಲು ಅವಳಿಗೆ ಮೂರು ವರ್ಷ ಹಿಡಿಯಿತು. ಅದು ಕಸದ ಡಬ್ಬಿಯಲ್ಲಿತ್ತು. ಹಸಿ ಕಸ, ಕಾಗದ, ಗಾಜು ಎಂದು ಬೇರೆ ಮಾಡಿ, ಹೇಳಿದ ದಿನ, ಹೇಳಿದ ಬಣ್ಣದ ಡಬ್ಬಿಯಲ್ಲಿ ಇಡುವವರು ಕುಲೀನರು. ಗಾಜಿನ ಜೊತೆ ಕಾಗದ ಬೆರೆಸಿದವರು ಎಂಥ ಹುದ್ದೆಯಲ್ಲಿದ್ದರೂ ಇಡೀ ಬೀದಿ ಅವರನ್ನು ಕಂಡು ಮೂಗು ಮುರಿಯುತ್ತಿತ್ತು. ಅವರ ಡಬ್ಬಿ ಅವರಿಗೆ, ನಮ್ಮ ಹುದ್ದೆ ನಮಗೆ ಎಂದು ಅವಳು ತೀರ್ಮಾನಿಸಿಕೊಂಡಿದ್ದಳು.

ಆ ವರ್ಷ ಅವಳ ಬಹುದಿನದ ಆಸೆಯೊಂದು ಕೈಗೂಡುವುದರಲ್ಲಿತ್ತು. ಕೂಟಕ್ಕೆ ಹೊಸ ಕಾರ್ಯದರ್ಶಿ ಬೇಕಾಗಿತ್ತು. ಡೈರೆಕ್ಟರಮ್ಮ ಎಲ್ಲರೆದುರು, “ನಮ್ಮ ಮ್ಯಾನೇಜರಮ್ಮನೇ ಆಗಲಿ ಈ ಸಲ” ಎಂದಿದ್ದರು. ಕಾರ್ಯದರ್ಶಿಗೆ ಸೋಫಾದಲ್ಲಿ ಜಾಗ. ಅವಳಿಗೆ ಅವತ್ತು ನೆಲಕ್ಕೆ ಕಾಲು ತಾಗಲಿಲ್ಲ. ಇನ್ನೊಂದು ತಿಂಗಳು ಯಾರೂ ಏನೂ ಕೆದಕದಿದ್ದರೆ ಸಾಕು ಎಂದುಕೊಂಡಳು.

ಅದೇ ವಾರ ಯಜಮಾನರು ಒಂದು ಕಾಗದ ಹಿಡಿದುಕೊಂಡು ಮನೆಗೆ ಬಂದರು. ಮುಖ ಅರಳಿತ್ತು. ಊಟಕ್ಕೆ ಕೂರುವ ಮೊದಲೇ ಕಾಗದವನ್ನು ಮೇಜಿನ ಮೇಲೆ ಬಿಡಿಸಿಟ್ಟರು.

“ಡಿಪೋದಲ್ಲಿ ನನ್ನ ಫೋಟೋ ತೆಗೀಬೇಕು ಅಂತಿದಾರೆ” ಎಂದರು.

“ಫೋಟೋನಾ? ಯಾತಕ್ಕೆ?”

“ಹೊಸ ಡ್ರೈವರುಗಳು ಸಿಗ್ತಿಲ್ಲ, ಅದಕ್ಕೆ ಜಾಹೀರಾತು. ಬಸ್ಸಿನ ಹಿಂಭಾಗಕ್ಕೆ ಹಾಕ್ತಾರಂತೆ. ಪ್ರಯಾಣಿಕರ ಹತ್ತಿರ ಕೇಳಿದ್ರಂತೆ, ಯಾವ ಡ್ರೈವರ್ ಇಷ್ಟ ಅಂತ. ನನ್ನ ಹೆಸರು ಜಾಸ್ತಿ ಬಂತಂತೆ.”

ಮಗಳು ಕಾಲೇಜಿನ ಪುಸ್ತಕ ಮಡಿಚಿಟ್ಟು ಅಪ್ಪನ ಕೈ ಕುಲುಕಿದಳು. ಮ್ಯಾನೇಜರಮ್ಮ ಮಾತ್ರ ಸೌಟು ಹಿಡಿದವಳು ಹಾಗೇ ನಿಂತಿದ್ದಳು.

“ಎಷ್ಟು ಬಸ್ಸಿಗೆ?”

“ಇನ್ನೂರು.”

ಬಸ್ಸು ಹತ್ತುವವರಿಗೆ ಬಸ್ಸಿನ ಹಿಂಭಾಗ ಕಾಣುವುದಿಲ್ಲ. ಅದು ಕಾಣುವುದು ಬಸ್ಸಿನ ಹಿಂದೆ ಕಾರಿನಲ್ಲಿ ಬರುವವರಿಗೆ. ಆರು ವರ್ಷ ಕಾಪಾಡಿದ ಗುಟ್ಟು ಹೋಗಿ ಹೋಗಿ ಅವರ ಕಣ್ಣೆದುರಿಗೇ ನಿಲ್ಲುತ್ತದೆ, ಅದೂ ಆಳೆತ್ತರದಲ್ಲಿ.

“ಬೇಡ ಅಂದ್ಬಿಡಿ” ಎಂದಳು.

ಯಜಮಾನರು ಅವಳ ಮುಖ ನೋಡಿದರು, ಕಾಗದ ನೋಡಿದರು, “ಸರಿ ಬಿಡು” ಎಂದು ಮಡಿಚಿ ಜೇಬಿಗಿಟ್ಟುಕೊಂಡರು. ಅವರು ಹಾಗೆಯೇ. ಜಗಳ ಕಾಯುವುದು ಅವರ ಜಾಯಮಾನದಲ್ಲೇ ಇರಲಿಲ್ಲ. ಜಗಳವಾಡಿದ್ದರೆ ಅವಳಿಗೂ ಹಗುರವಾಗುತ್ತಿತ್ತು.

ಅವರಿಗೊಂದು ಅಭ್ಯಾಸವಿತ್ತು. ಊಟ ಮಾಡುತ್ತ ಅಂದಿನ ಪ್ರಯಾಣಿಕರ ಕಥೆ ಹೇಳುವುದು. ಮೂರನೇ ಸ್ಟಾಪಿನಲ್ಲಿ ಹತ್ತಿ ನಾಲ್ಕನೇ ಸ್ಟಾಪಿನಲ್ಲಿ ಇಳಿಯುವ ಮುದುಕರೊಬ್ಬರಿದ್ದರು, ಅವರಿಗೆ ಎಲ್ಲಿಗೂ ಹೋಗಬೇಕಾದ್ದಿರಲಿಲ್ಲ, ಗುಡ್ ಮಾರ್ನಿಂಗ್ ಹೇಳಲಷ್ಟೇ ಹತ್ತುತ್ತಿದ್ದರು. ತನಗಿಂತ ದೊಡ್ಡ ವಾದ್ಯದ ಪೆಟ್ಟಿಗೆ ಹೊತ್ತು ಬರುವ ಹುಡುಗಿ, ದಿನಾ ಬೇರೆ ಬೇರೆ ಟೋಪಿ ಹಾಕುವ ನರ್ಸು. ಮ್ಯಾನೇಜರಮ್ಮ ಸ್ವಲ್ಪ ಹೊತ್ತು ಕೇಳಿ, “ಸಾಕು, ಊಟ ಮಾಡಿ” ಎನ್ನುತ್ತಿದ್ದಳು. ಕಾಗದ ಮಡಿಚಿಟ್ಟ ದಿನದಿಂದ ಅವರು ಕಥೆ ಹೇಳಲಿಲ್ಲ. ಮುನಿಸಿನಿಂದಲ್ಲ, ಯಾಕೋ ಬಾಯಿಗೆ ಬರಲಿಲ್ಲ, ಅಷ್ಟೆ. ಮೂರು ದಿನ ಮನೆಯಲ್ಲಿ ತಟ್ಟೆಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಸಾಕು ಎನ್ನಲು ಏನೂ ಇಲ್ಲದೆ ಅವಳಿಗೇ ಊಟ ಸೇರದಾಯಿತು.

ನಾಲ್ಕನೇ ದಿನ ಲೈಬ್ರರಿಯಲ್ಲಿ ಪುಸ್ತಕ ಜೋಡಿಸುತ್ತಿದ್ದಾಗ ಅವಳಿಗೆ ಒಂದು ಉಪಾಯ ಹೊಳೆಯಿತು. ಊರಿನಲ್ಲಿ ಬಸ್ಸುಗಳ ಮೇಲೆ ಯಾರ ಮುಖ ಇರುತ್ತಿತ್ತು? ಮುಖಂಡರದು, ಅಂಗಡಿ ಮಾಲೀಕರದು, ಎಲ್ಲ ದೊಡ್ಡವರದು. ಡ್ರೈವರ ಮುಖವನ್ನು ಬಸ್ಸಿನ ಮೇಲೆ ಹಾಕಿದ್ದನ್ನು ಹುಟ್ಟಿದಾರಭ್ಯ ಅವಳು ಕಂಡಿರಲಿಲ್ಲ, ಕೂಟದವರೂ ಕಂಡಿರಲಾರರು. ಆದ್ದರಿಂದ ಫೋಟೋದಲ್ಲಿ ಯಜಮಾನರು ಸೂಟು, ಟೈನಲ್ಲಿದ್ದರೆ ಆಯಿತು. ನೋಡಿದವರು ಬಸ್ ಕಂಪನಿಯ ದೊಡ್ಡ ಅಧಿಕಾರಿ ಎಂದೇ ತಿಳಿಯುತ್ತಾರೆ. ಪಕ್ಕದಲ್ಲಿ ಬರೆದಿರುವುದನ್ನು ಕಾರು ಓಡಿಸುತ್ತ ಯಾರು ಓದುತ್ತಾರೆ? ಮರ್ಯಾದೆಯೂ ಉಳಿಯಿತು, ಗಂಡನ ಆಸೆಯೂ ತೀರಿತು. ತನ್ನ ಬುದ್ಧಿಗೆ ತಾನೇ ತಲೆದೂಗುತ್ತ ಮನೆಗೆ ಬಂದಳು.

“ನೋಡಿ, ಫೋಟೋ ತೆಗೆಸ್ಕೊಳ್ಳಿ” ಎಂದಳು. “ಆದ್ರೆ ಸೂಟ್ ಹಾಕ್ಕೊಂಡೇ ತೆಗೆಸ್ಕೋಬೇಕು. ಟೈ ನಾನೇ ಕಟ್ತೀನಿ.”

“ಬಸ್ ಓಡಿಸೋಕೆ ಯಾರು ಸೂಟ್ ಹಾಕ್ತಾರೆ?” ಎಂದಳು ಮಗಳು.

“ನೀನು ಸುಮ್ಮನಿರು.”

ಯಜಮಾನರಿಗೆ ಸೂಟಾದರೇನು, ಇನ್ನೊಂದಾದರೇನು. ಅವತ್ತು ಊಟಕ್ಕೆ ಕೂತು ಮೂರು ದಿನದ ಬಾಕಿ ಕಥೆಗಳನ್ನೆಲ್ಲ ಒಟ್ಟಿಗೆ ಹೇಳಿದರು. ಅವಳು ಎರಡನೇ ಕಥೆಗೇ ಸಾಕು ಎಂದಳು.

ಫೋಟೋ ತೆಗೆಯುವ ಹುಡುಗಿ ಸೂಟು ನೋಡಿ ಬೆರಗಾದಳಂತೆ. ಯಾಕೆ ಸೂಟು ಎಂದು ಕೇಳಿದಳಂತೆ. ಸುಳ್ಳು ಹೇಳಲು ಬಾರದ ಯಜಮಾನರು ಮೊದಲಿನಿಂದ ಕೊನೆತನಕ ಇದ್ದದ್ದನ್ನು ಇದ್ದ ಹಾಗೆ ಹೇಳಿದರಂತೆ. ಬ್ಯಾಂಕು, ಗಾಜಿನ ಕೋಣೆ, ಡಿಪೋ, ಎಲ್ಲ. ಅವಳು ನಕ್ಕು, ಒಂದು ಪುಸ್ತಕದಲ್ಲಿ ಏನೇನೋ ಬರೆದುಕೊಂಡು, ಸೂಟಿನಲ್ಲೇ ಸ್ಟೀರಿಂಗ್ ಹಿಡಿಸಿ ಫೋಟೋ ತೆಗೆದಳಂತೆ. ಇಷ್ಟನ್ನು ಯಜಮಾನರು ಮನೆಗೆ ಬಂದು ಹೇಳಿದಾಗ ಮ್ಯಾನೇಜರಮ್ಮನಿಗೆ ‘ಬರೆದುಕೊಂಡಳು’ ಎಂಬ ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಎರಡು ವಾರದ ಮೇಲೆ ಒಂದು ಗುರುವಾರ ಡೈರೆಕ್ಟರಮ್ಮ ಫೋನು ಮಾಡಿದರು. ವಾರ್ಷಿಕ ಕೂಟಕ್ಕೆ ಸಭಾಂಗಣ ನೋಡಿಕೊಂಡು ಬರಬೇಕು, ಕಾರ್ಯದರ್ಶಿಯಾಗುವವರು ಜೊತೆಗಿರಬೇಕು, ತಾವೇ ಬಂದು ಕರೆದುಕೊಂಡು ಹೋಗುತ್ತೇವೆ ಎಂದರು. ಅವರ ಕಾರಿನಲ್ಲಿ ಕೂತವರು ಕೂಟದಲ್ಲಿ ಬೆರಳೆಣಿಕೆಯಷ್ಟು ಜನ. ಮ್ಯಾನೇಜರಮ್ಮ ಒಳ್ಳೆಯ ಸೀರೆ ಉಟ್ಟಳು. ಕಾರಿನ ಒಳಗೆಲ್ಲ ಹಾಲಿನ ಬಣ್ಣದ ಚರ್ಮದ ಸೀಟು. ಚಪ್ಪಲಿಯನ್ನು ಎರಡು ಸಲ ಒರೆಸಿಕೊಂಡು, ಮೈ ಹಿಡಿಮಾಡಿ ಕೂತಳು.

ಸಭಾಂಗಣಕ್ಕೆ ಹೋಗುವ ರಸ್ತೆ ಉದ್ದಕ್ಕೂ ಏರು. ಬರಲು ಒಂದು ಸಾಲು, ಹೋಗಲು ಒಂದು ಸಾಲು, ಮುಂದಿನ ಗಾಡಿಯನ್ನು ದಾಟುವಂತಿಲ್ಲ. ಒಂದು ತಿರುವಿನಲ್ಲಿ ಬಸ್ಸೊಂದು ಪಕ್ಕದ ರಸ್ತೆಯಿಂದ ಬಂದು ಇವರ ಮುಂದೆ ಸೇರಿಕೊಂಡಿತು.

“ಈ ಬಸ್ಸುಗಳು ಯಾಕಾದ್ರೂ ಇದಾವೋ” ಎಂದು ಡೈರೆಕ್ಟರಮ್ಮ ಗೊಣಗಿ ಬ್ರೇಕು ಹಾಕಿದರು.

ಮ್ಯಾನೇಜರಮ್ಮ ತಲೆ ಎತ್ತಿದಳು. ಎದುರಿಗೆ ಯಜಮಾನರಿದ್ದರು. ಬಸ್ಸಿನ ಕೆಳಗಿನ ದೀಪದಿಂದ ಮೇಲಿನ ಕಿಟಕಿಯವರೆಗೂ ಅವರೇ. ಅವಳೇ ಇಸ್ತ್ರಿ ಮಾಡಿದ ಕಪ್ಪು ಸೂಟು, ಅವಳೇ ಕಟ್ಟಿದ ಟೈ, ಎರಡೂ ಕೈ ಸ್ಟೀರಿಂಗಿನ ಮೇಲೆ. ನಗುತ್ತಿದ್ದರು. ಬಾಯ್ತುಂಬ ನಗು. ಪಕ್ಕದಲ್ಲಿ ಗೇಣುದ್ದದ ಅಕ್ಷರಗಳು.

ಡೈರೆಕ್ಟರಮ್ಮನಿಗೆ ಕಂಡದ್ದನ್ನೆಲ್ಲ ಗಟ್ಟಿಯಾಗಿ ಓದುವ ಚಟ. ಅಂಗಡಿ ಫಲಕ, ಮನೆ ನಂಬರು, ಯಾವುದನ್ನೂ ಬಿಡುತ್ತಿರಲಿಲ್ಲ. ಈಗಲೂ ಓದಿದರು. “ಹದಿನೆಂಟು ವರ್ಷ ಬ್ಯಾಂಕ್ ಮ್ಯಾನೇಜರ್ ಆಗಿದ್ದೆ.” ಬಸ್ಸು ಸ್ಟಾಪಿನಲ್ಲಿ ನಿಂತಿತು. ಕಾರೂ ನಿಂತಿತು. “ಆರು ವರ್ಷದಿಂದ ಬಸ್ ಡ್ರೈವರ್.”

ಅಲ್ಲಿಗೆ ಅವರ ಓದು ನಿಂತಿತು. ಬಸ್ಸು ಹೊರಟಿತು, ಕಾರೂ ಹೊರಟಿತು. ಮುಂದಿನ ಸ್ಟಾಪಿನಲ್ಲಿ ಮತ್ತೆ ಎರಡೂ ನಿಂತವು. ಯಜಮಾನರು ನಗುತ್ತಲೇ ಇದ್ದರು. ಸೂಟು ಹಾಕಿಸಿ ಗುಟ್ಟು ಮುಚ್ಚಲು ಹೊರಟ ತನ್ನ ಉಪಾಯವೇ ಆ ಹುಡುಗಿಗೆ ಇಡೀ ಕಥೆಯನ್ನು ಎತ್ತಿಕೊಟ್ಟಿದೆ ಎಂದು ಮ್ಯಾನೇಜರಮ್ಮನಿಗೆ ಈಗ ತಲೆಗೆ ಹೋಯಿತು.

“ನಿಮ್ಮ ಯಜಮಾನರ ಮುಖಾನೇ ಇದ್ದ ಹಾಗಿದೆ” ಎಂದರು ಡೈರೆಕ್ಟರಮ್ಮ, ರಸ್ತೆಯ ಮೇಲೆಯೇ ಕಣ್ಣಿಟ್ಟು. “ಆದ್ರೆ ಇವರು ಯಾರೋ ಡ್ರೈವರು. ಒಬ್ಬರ ಹಾಗೆ ಒಬ್ಬರು ಇರ್ತಾರೆ, ಅಲ್ವಾ?”

ಅದು ಕನಿಕರವೋ ಕೊಂಕೋ ದೇವರಿಗೇ ಗೊತ್ತು. ಏನೇ ಇರಲಿ, ಬಾಗಿಲು ತೆರೆದಿಟ್ಟಿದ್ದರು. ‘ಹೌದಲ್ಲ, ಎಷ್ಟು ಹೋಲಿಕೆ’ ಎಂದು ಒಂದು ಮಾತು ಹೇಳಿದ್ದರೆ ಮುಗಿಯಿತು. ಕಾರ್ಯದರ್ಶಿ ಪದವಿ, ಸೋಫಾ, ಎಲ್ಲ ಇದ್ದಲ್ಲೇ ಇರುತ್ತಿತ್ತು. ಈ ಸಲ ಅವಳ ಬಾಯಲ್ಲಿ ತಿಂಡಿಯೂ ಇರಲಿಲ್ಲ. ಮಾತು ನಾಲಿಗೆಯ ತುದಿಗೆ ಬಂತು.

ಅಷ್ಟರಲ್ಲಿ ಅವಳ ಕಣ್ಣು ಮೂರನೇ ಸಾಲಿನ ಮೇಲೆ ಬಿತ್ತು. ಡೈರೆಕ್ಟರಮ್ಮ ಓದದೆ ಬಿಟ್ಟ ಸಾಲು. ‘ಈಗ ಖುಷಿಯಾಗಿದ್ದೇನೆ. ನೀವೂ ಬನ್ನಿ.’

ಅವಳು ಅದನ್ನು ಎರಡು ಸಲ ಓದಿಕೊಂಡಳು. ಬ್ಯಾಂಕಿನ ದಿನಗಳಲ್ಲಿ ಯಜಮಾನರು ಮನೆಗೆ ಬಂದರೆ ಹೊಟ್ಟೆ ಹಿಡಿದುಕೊಂಡು ಕೂರುತ್ತಿದ್ದರು, ಅಜೀರ್ಣದ ಮಾತ್ರೆ ಇಲ್ಲದೆ ನಿದ್ದೆ ಬರುತ್ತಿರಲಿಲ್ಲ. ಮಾತ್ರೆಯ ಡಬ್ಬಿ ಮನೆಯಿಂದ ಯಾವಾಗ ಮಾಯವಾಯಿತು ಎಂದು ಅವಳು ಯೋಚಿಸಿಯೇ ಇರಲಿಲ್ಲ. ಖುಷಿಯಾಗಿದ್ದೇನೆ ಎಂದು ಊರಿಗೆಲ್ಲ ಹೇಳಿದ ಮನುಷ್ಯ ಮನೆಯಲ್ಲಿ ಒಂದು ದಿನವೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಲು ಬಂದಾಗಲೆಲ್ಲ ಊಟ ಮಾಡಿ ಎಂದು ಬಾಯಿ ಮುಚ್ಚಿಸಿದವಳು ತಾನೇ. ಅವಳಿಗೆ ತನ್ನ ಮೇಲೆ ಸಿಟ್ಟು ಬಂತು, ಪಕ್ಕದಲ್ಲಿದ್ದವರ ಮೇಲೆ ಇನ್ನೂ ಹೆಚ್ಚು ಬಂತು.

“ಯಾರೋ ಅಲ್ಲ. ನಮ್ಮ ಯಜಮಾನರೇ” ಎಂದಳು.

“ಅಯ್ಯೋ ಪಾಪ” ಎಂದರು ಡೈರೆಕ್ಟರಮ್ಮ, ಯಾರೋ ತೀರಿಕೊಂಡವರ ಸುದ್ದಿ ಕೇಳಿದವರ ಹಾಗೆ. “ಏನಾಯ್ತು ಅವರಿಗೆ?”

“ಕೆಳಗಿನ ಸಾಲು ಓದಿ. ಅದೇ ಆಗಿದ್ದು.”

ಡೈರೆಕ್ಟರಮ್ಮ ಓದಿದರು, ಈ ಸಲ ಮನಸ್ಸಿನಲ್ಲಿ. ಆಮೇಲೆ ಗಂಟಲು ಸರಿಮಾಡಿಕೊಂಡರು. “ಅಲ್ಲ, ಕಾರ್ಯದರ್ಶಿ ವಿಷಯ ಇನ್ನೂ ಎಲ್ಲರಿಗೂ ಕಾಗದದಲ್ಲಿ ತಿಳಿಸಿಲ್ಲ. ನಾಲ್ಕು ಜನ ಏನಂತಾರೋ. ನಿಧಾನವಾಗಿ ಯೋಚನೆ ಮಾಡೋಣ.”

“ಮಾಡಿ, ನಿಧಾನವಾಗಿಯೇ ಮಾಡಿ. ನನ್ನ ಇಲ್ಲೇ ಇಳಿಸಿಬಿಡಿ.”

“ಇಲ್ಲಿ? ಮತ್ತೆ ಹಾಲ್ ನೋಡೋದು?”

“ನೀವೇ ನೋಡ್ಕೊಂಡ್ ಬನ್ನಿ. ಕುರ್ಚಿ ಎಲ್ಲರಿಗೂ ಸಾಲತ್ತಾ ಅಂತ ಒಂದ್ಸಲ ವಿಚಾರಿಸಿ. ಮೆಟ್ಟಿಲ ಮೇಲೆ ಯಾರೂ ಕೂರೋದು ಬೇಡ.”

ಬಸ್ಸು ಮುಂದಿನ ಸ್ಟಾಪಿನಲ್ಲಿ ನಿಂತಿದ್ದೇ ತಡ, ಅವಳು ಕಾರಿನಿಂದಿಳಿದು, ಸೀರೆಯ ನೆರಿಗೆ ಎತ್ತಿ ಹಿಡಿದು ಓಡಿದಳು. ಮದುವೆಯಾದ ಮೇಲೆ ಅವಳು ಹಾಗೆ ಓಡಿದ್ದು ಅದೇ ಮೊದಲು. ಬಾಗಿಲು ಮುಚ್ಚುವುದರಲ್ಲಿತ್ತು, ಮತ್ತೆ ತೆರೆದುಕೊಂಡಿತು. ಏದುಸಿರು ಬಿಡುತ್ತ ಹತ್ತಿ, “ರೀ” ಎಂದಳು.

ಡ್ರೈವರ ಸೀಟಿನಲ್ಲಿ ಇದ್ದವರು ಅಗಲ ಭುಜದ, ಗಿಡ್ಡ ಕೂದಲಿನ ಒಬ್ಬ ಹೆಂಗಸು.

ಇನ್ನೂರು ಬಸ್ಸಿನ ಹಿಂದೆ ಯಜಮಾನರು ಇದ್ದ ಮಾತ್ರಕ್ಕೆ ಇನ್ನೂರು ಬಸ್ಸನ್ನೂ ಅವರೇ ಓಡಿಸುವುದಿಲ್ಲ ಎಂಬುದು ಆ ಆವೇಶದಲ್ಲಿ ಅವಳಿಗೆ ಹೊಳೆದಿರಲಿಲ್ಲ. ಬಸ್ಸಿನ ಜನ ಕತ್ತೆತ್ತಿ ನೋಡುತ್ತಿದ್ದರು. ಟಿಕೆಟ್ ಎಲ್ಲಿ ತೆಗೆದುಕೊಳ್ಳಬೇಕೋ ಗೊತ್ತಾಗದೆ ಪೇಚಾಡುತ್ತಿದ್ದವಳಿಗೆ ಡ್ರೈವರು ಯಂತ್ರ ತೋರಿಸಿಕೊಟ್ಟರು. ಅವಳು ಬಗ್ಗಿ, ಈ ಊರಿನ ಭಾಷೆಯಲ್ಲಿ ಪಿಸುದನಿಯಲ್ಲಿ ಹೇಳಿದಳು, “ಹಿಂದೆ ಫೋಟೋದಲ್ಲಿ ಇರೋರು ನನ್ನ ಯಜಮಾನರು.”

“ಹೌದಾ? ಹಾಗಾದ್ರೆ ಆ ಸೂಟು ಹಾಕಿಸಿದ್ದು ನೀವೇನಾ?” ಎಂದರು ಡ್ರೈವರು. “ಇಡೀ ಡಿಪೋ ನಿಮ್ಮನ್ನ ನೋಡ್ಬೇಕು ಅಂತಿದೆ.”

ಅವಳಿಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಆದರೆ ಡ್ರೈವರು ನಗುತ್ತಿದ್ದ ರೀತಿಯಲ್ಲಿ ಕೊಂಕಿರಲಿಲ್ಲ, ಅವಳೂ ನಕ್ಕುಬಿಟ್ಟಳು. ಕಿಟಕಿಯ ಪಕ್ಕ ಹೋಗಿ ಕೂತಳು. ಬಸ್ಸು ಎತ್ತರ; ಊರು ಬೇರೆಯೇ ಕಾಣುತ್ತಿತ್ತು. ಗೋಡೆಗಳ ಆಚೆ ಜನ ಬಟ್ಟೆ ಒಣಹಾಕಿದ್ದು, ಯಾರೋ ಏಣಿ ಹತ್ತಿ ಕಿಟಕಿ ಒರೆಸುತ್ತಿದ್ದುದು, ಎಲ್ಲ ಕಾಣುತ್ತಿತ್ತು. ಚೀಲದೊಳಗೆ ಫೋನು ಗುಂಯ್ಗುಟ್ಟಿತು. ಪ್ರೊಫೆಸರಮ್ಮನ ಸಂದೇಶ. ಎದೆ ಗಟ್ಟಿ ಮಾಡಿಕೊಂಡು ತೆರೆದಳು.

‘ನಮ್ಮ ಮನೆಯವರು ಇವತ್ತು ನಿಮ್ಮ ಯಜಮಾನರನ್ನ ಬಸ್ಸಿನ ಹಿಂದೆ ನೋಡಿದ್ರಂತೆ. ಆವಾಗಿಂದ ಒಂದೇ ಸಮ ಕೇಳ್ತಿದಾರೆ, ಐವತ್ತೆರಡು ವಯಸ್ಸಿಗೆ ತಗೋತಾರಾ ಅಂತ. ಯಾರಿಗೂ ಹೇಳ್ಬೇಡಿ.’

ಅವಳು ಗಟ್ಟಿಯಾಗಿ ನಕ್ಕಳು. ಮುಂದಿನ ಸೀಟಿನವರು ತಿರುಗಿ ನೋಡಿದರು. ನಗುತ್ತಲೇ ಕಿಟಕಿಯಾಚೆ ನೋಡಿದರೆ ಬಸ್ಸು ಊರು ಸುತ್ತಿ ವಾಪಸು ಬಂದಿತ್ತು, ತನ್ನದೇ ಬೀದಿಯ ಮೂಲೆ ಕಂಡಿತು. ಬಸ್ಸು ಅಲ್ಲಿ ನಿಲ್ಲಲಿಲ್ಲ. ಮುಂದಿನ ಸ್ಟಾಪಿನಲ್ಲೂ ನಿಲ್ಲಲಿಲ್ಲ. ಇಳಿಯಬೇಕಾದವರು ಕಂಬದ ಮೇಲಿನ ಕೆಂಪು ಗುಂಡಿ ಒತ್ತಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ಆರು ವರ್ಷ ಬಸ್ ಡ್ರೈವರ ಹೆಂಡತಿಯಾಗಿದ್ದವಳಿಗೆ ಬಸ್ಸಿನಿಂದ ಇಳಿಯುವುದು ಹೇಗೆಂದೇ ತಿಳಿದಿರಲಿಲ್ಲ. ಕೇಳಲು ನಾಚಿಕೆಯಾಗಿ ಕೂತೇ ಇದ್ದಳು. ಅವಳಿಗೆ ಗುರುತಿಲ್ಲದ ಸ್ಟಾಪುಗಳಲ್ಲಿ ಒಬ್ಬೊಬ್ಬರಾಗಿ ಎಲ್ಲರೂ ಇಳಿದರು. ಕೊನೆಗೆ ಬಸ್ಸು ದೊಡ್ಡ ಗೇಟಿನೊಳಗೆ ಹೋಗಿ, ನೂರಾರು ಬಸ್ಸುಗಳ ನಡುವೆ ನಿಂತಿತು. ಡಿಪೋ.

ಎಲ್ಲ ಬಸ್ಸುಗಳ ಹಿಂದೆಯೂ ಯಜಮಾನರು ಸಾಲಾಗಿ ನಗುತ್ತಿದ್ದರು. ನಿಜವಾದ ಯಜಮಾನರು ಒಂದು ಬೆಂಚಿನ ಮೇಲೆ, ಕಾಗದದ ಲೋಟದಲ್ಲಿ ಕಾಫಿ ಹಿಡಿದು, ನಾಲ್ಕೈದು ಜನರ ನಡುವೆ ಕೂತು ಏನೋ ಕಥೆ ಹೇಳುತ್ತಿದ್ದರು. ಕೇಳುವವರು ಹೊಟ್ಟೆ ಹಿಡಿದು ನಗುತ್ತಿದ್ದರು. ತಿಳಿನೀಲಿ ಅಂಗಿ ಅವರಿಗೆ ಎಷ್ಟು ಒಪ್ಪುತ್ತದೆ ಎಂದು ಅವಳು ನೋಡಿದಳು. ಆ ಅಂಗಿಯನ್ನು ಆರು ವರ್ಷ ಒಗೆದಿದ್ದಳು, ಅವರು ತೊಟ್ಟದ್ದನ್ನು ಕಂಡಿರಲಿಲ್ಲ.

ಯಜಮಾನರು ಅವಳನ್ನು ಕಂಡು ದಡಬಡಿಸಿ ಎದ್ದರು. ಎದ್ದವರೇ ಮೊದಲು ಮಾಡಿದ್ದೆಂದರೆ, ಎದೆಯ ಮೇಲಿದ್ದ ಬಿಲ್ಲೆಯನ್ನು ಅಂಗೈಯಿಂದ ಮುಚ್ಚಿಕೊಂಡದ್ದು.

ಬೇಕೆಂದು ಮಾಡಿದ್ದಲ್ಲ, ಕೈ ತಾನಾಗಿಯೇ ಹೋಯಿತು. ಮ್ಯಾನೇಜರಮ್ಮ ಆ ಕೈಯನ್ನೇ ನೋಡಿದಳು. ಡೈರೆಕ್ಟರು, ಡಾಕ್ಟರು, ಆ ಹದಿನಾಲ್ಕು ಮನೆಯವರು ಯಾರಿಂದಲೂ ಈ ಮನುಷ್ಯ ತಾವಾಗಿ ಏನನ್ನೂ ಬಚ್ಚಿಟ್ಟವರಲ್ಲ. ಅದೆಲ್ಲ ಅವಳ ಉಸಾಬರಿ. ಇಷ್ಟು ವರ್ಷ ಅವರು ಮುಚ್ಚಿಕೊಂಡು ಓಡಾಡಿದ್ದು ಅವಳೊಬ್ಬಳ ಕಣ್ಣಿಂದ.

“ಏನಾಯ್ತು? ನೀನು ಇಲ್ಲಿಗೆ ಹೇಗೆ ಬಂದೆ?” ಎಂದರು ಗಾಬರಿಯಿಂದ.

“ಗುಂಡಿ ಒತ್ತಬೇಕು ಅಂತ ಗೊತ್ತಿರ್ಲಿಲ್ಲ” ಎಂದಳು ಅವಳು. “ಕೈ ತೆಗೀರಿ. ಏನ್ ಬರೆದಿದೆ ನೋಡೋಣ.”

ಅವರು ತೆಗೆಯಲಿಲ್ಲ. ಅವಳೇ ಆ ಕೈಯನ್ನು ಹಿಡಿದು ಇಳಿಸಿದಳು. ಬಿಲ್ಲೆಯ ಮೇಲೆ ಅವರ ಹೆಸರು, ಹೆಸರಿನ ಕೆಳಗೆ ಚಾಲಕ ಎಂದಿತ್ತು. ಅವಳು ಸೆರಗಿನ ತುದಿಯಿಂದ ಅದನ್ನು ಒರೆಸಿದಳು, ಅದರ ಮೇಲೆ ಧೂಳೇನೂ ಇರಲಿಲ್ಲ.

“ಡೈರೆಕ್ಟರಮ್ಮ ಫೋಟೋ ನೋಡಿದ್ರು” ಎಂದಳು.

ಅವರ ಮುಖ ಸಪ್ಪಗಾಯಿತು. “ನೋಡಿದ್ರಾ? ಹಾಗಾದ್ರೆ ತೆಗೆಸಿಬಿಡ್ಲಾ? ಹೇಳಿದ್ರೆ ಇಲ್ಲ ಅನ್ನಲ್ಲ ಇವರು.”

“ಒಂದು ಬಸ್ಸಿಂದ ತೆಗೆಸಿದ್ರೂ ನಾನು ಸುಮ್ಮನಿರಲ್ಲ.”

ಯಜಮಾನರು ಕಾಫಿ ಲೋಟವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು. ಬೆಂಚಿನವರೆಲ್ಲ ನಗು ನಿಲ್ಲಿಸಿ ಇವರನ್ನೇ ನೋಡುತ್ತಿದ್ದರು. “ನನ್ನ ಗಾಡಿ ಹೊರಡೋ ಹೊತ್ತಾಯ್ತು” ಎಂದರು ಕೊನೆಗೆ. “ಮನೆ ಹತ್ರ ಇಳಿಸ್ಲಾ?”

“ಪೂರ್ತಿ ಸುತ್ತು ಬರೋಕೆ ಎಷ್ಟು ಹೊತ್ತಾಗತ್ತೆ?”

“ಎರಡು ಗಂಟೆ.”

“ಬರ್ತೀನಿ ನಡೀರಿ.”

ಅವಳು ಎಲ್ಲರಿಗಿಂತ ಮುಂದಿನ ಸೀಟಿನಲ್ಲಿ, ಅವರ ಬೆನ್ನಿಗೇ ಕೂತಳು. ಕನ್ನಡಿಯಲ್ಲಿ ಅವರ ಕಣ್ಣು ಕಾಣುತ್ತಿತ್ತು. ಡ್ರೈವರ ಜೊತೆ ಮಾತಾಡಬಾರದು ಎಂದು ಬರೆದ ಫಲಕವೊಂದು ಅವಳ ಮೂಗಿನ ನೇರಕ್ಕೇ ಇತ್ತು. ಬಸ್ಸು ಗೇಟು ದಾಟಿತು. ಮೊದಲ ಸ್ಟಾಪಿನಲ್ಲಿ ಯಾರೋ ಹತ್ತಿ ಹೆಸರು ಹಿಡಿದು ಅವರನ್ನು ಮಾತಾಡಿಸಿದರು. ಬಸ್ಸು ಮತ್ತೆ ಹೊರಟಾಗ ಯಜಮಾನರು, ಅವಳಿಗಷ್ಟೇ ಕೇಳಿಸುವಂತೆ, “ಈಗ ಹತ್ತಿದ್ರಲ್ಲ, ಅವರದೊಂದು ದೊಡ್ಡ ಕಥೆ” ಎಂದು ಶುರುಮಾಡಿದರು. ಡ್ರೈವರು ಮಾತಾಡಬಾರದು ಎಂದು ಫಲಕದಲ್ಲೇನೂ ಬರೆದಿರಲಿಲ್ಲ. ಎರಡು ಗಂಟೆ ಅವರು ಹೇಳಿದರು, ಮ್ಯಾನೇಜರಮ್ಮ ಬಾಯಿ ಮುಚ್ಚಿಕೊಂಡು ಕೇಳಿದಳು.